ವುಲಾನಳ ತಾಯಿ ಬರ್ತಾರ

ರೀ,

ನಾ ಲೋಣಾವಳಾಕ್ಕ ಟ್ರೇನಿಂಗಿಗೆ ಹೊಂಟೀನಿ, ಸಂಜಿಗೆ ಬರ್ತೀನಿ. ಮ್ಯಾಲಿನ ಖೋಲ್ಯಾಗ ಬಾಡಿಗಿಗಿರೋ ವುಲಾನಳ ತಾಯಿ ಇಂಡೋನೇಷ್ಯಾದಿಂದ ಇವತ್ತ ಮುಂಜಾನೆ ಹತ್ತಕ್ಕ ಬರ್ತಾರ. ಬಾಗಿಲಾ ನೀವ ತಗೀರಿ.

"ಸಲಾಮತ್ ದಾತಾಂಗ್" ಅಂದ್ರ ಬರ್ರಿ ಅಂತ. ಅಪ್ಪಿತಪ್ಪಿ "ಸಲಾಮತ್ ತಿಂಗಾಲ್" ಅನ್ನಬ್ಯಾಡ್ರಿ, ಅದು ಮನಿ ಬಿಟ್ಟು ಹೋಗೋರು ಅನ್ನೋ ಮಾತು. ಅವರು "ತೆರಿಮಾ ಕಾಸಿ" ಅಂತ ಥ್ಯಾಂಕ್ಸ್ ಹೇಳಿದ್ರ "ಸಮಾ ಸಮಾ" ಅಂದುಬಿಡ್ರಿ. ಹಚ್ಚಿದ ಅವಲಕ್ಕಿ ಡಬ್ಬ್ಯಾಗ ಅದ, ಚಹಾ ನೀವ ಮಾಡ್ರಿ.

ವುಲಾನ್ ಹುರಿದ ಒಣಮೀನಿನ ವಾಸನಿಗೆ ಸಿಟ್ಟಾಗಿ ಆ ಹುಡುಗಿ ಜೋಡಿ ಎಂಟು ದಿನದಿಂದ ಮಾತು ಬಿಟ್ಟೀರಿ. ಆದ್ರ ನಿನ್ನೆ ಬಚ್ಚಲಮನ್ಯಾಗ ನೀವು "ಆಪಾ ಕಾಬರ್, ಹೆಂಗದೀರಿ" ಅಂತ ತಾಲೀಮು ನಡಿಸಿದ್ದು ನನ್ನ ಕಿವಿಗೆ ಬಿದ್ದದ.

"ಪುಣೆದಾಗೂ ನನಗೊಬ್ರು ಅಪ್ಪ ಅದಾರ" ಅಂತ ಆಕಿ ತಾಯಿಗೆ ಹೇಳ್ಯಾಳಂತ. ಅದನ್ನ ಸುಳ್ಳು ಮಾಡಬ್ಯಾಡ್ರಿ.

ಶಾಮಲಾ