ಕುಂಕುಮದಡಿಯ ಸ್ಟಡ್

ಬಸವೇಶ್ವರನಗರ
20-10-1986

ಅಣ್ಣನಿಗೆ ನಮಸ್ಕಾರ.

ಅಪ್ಪನ ಮೋಟಾರ್ ಸೈಕಲ್ಲೊಂದನ್ನು ಬಿಟ್ಟರೆ ಇಲ್ಲಿ ಎಲ್ಲರೂ ಕ್ಷೇಮ.

ಎರಡು ದಿನಕ್ಕೆಂದು ಒಯ್ದ ಗಾಡಿಗೆ ನೀನು ಆಯುಧಪೂಜೆ ಮಾಡಿಸಿ, ಎಂಜಿನ್ನಿಗೆಲ್ಲ ಕುಂಕುಮ ಮೆತ್ತಿ, ಹಾರ ಹಾಕಿ ತಂದಾಗ ನಿನ್ನ ಭಕ್ತಿಗೆ ಅಮ್ಮ ಕರಗಿಹೋದಳು. ಮರುದಿನ ಅಪ್ಪ ಪ್ರತಿವರ್ಷದಂತೆ ತಣ್ಣಗಿದ್ದ ಎಂಜಿನ್ನಿನ ನಟ್ಟು ಸಡಿಲಿಸಿ ಗ್ರೀಸ್ ಹಚ್ಚಲು ಕೂತರು. ಸ್ಪ್ಯಾನರ್ ತಾಗಿಸಿದ್ದೇ ತಡ, ಸೈಲೆನ್ಸರನ್ನು ಎಂಜಿನ್ನಿಗೆ ಹಿಡಿದಿಡುವ ಬೋಲ್ಟು, ಅದೇ ಆ ಸ್ಟಡ್, ತುಂಡಾಗಿ ಕೈಗೆ ಬಂತು.

"ಕೈ ನಡುಗ್ತದೆ ಕಣೋ, ನಾನೇ ಮುರಿದೆ" ಎಂದು ಸ್ಪ್ಯಾನರ್ ಡಬ್ಬಿಯನ್ನು ನನಗೆ ಕೊಟ್ಟುಬಿಟ್ಟರು. ಇಪ್ಪತ್ತು ವರ್ಷ ನಮಗೆ ಮುಟ್ಟಗೊಡದ ಡಬ್ಬಿ.

ವಿಜಯನಗರದ ಮೆಕಾನಿಕ್ ಕೆಂಚಪ್ಪ, ಎಂಜಿನ್ನಿನೊಳಗೆ ಉಳಿದ ಸ್ಟಡ್ಡಿನ ತುಂಡಿಗೆ ನಟ್ಟೊಂದನ್ನು ವೆಲ್ಡ್ ಮಾಡಿ ತಿರುಗಿಸಿ ತೆಗೆದ. "ಮೊದ್ಲೇ ಮುರಿದಿತ್ತು ಸಾರ್. ಯಾರೋ ಅತಿ ಬಿಗಿ ಮಾಡಿ ಮುರಿದು, ಅಂಟು ಹಾಕಿ, ಮೇಲೆ ಕುಂಕುಮ ಬಳಿದವ್ರೆ" ಅಂದ. ನಟ್ಟಿನ ಜೊತೆ ಬಾಯಿಯನ್ನೂ ಬಿಗಿದುಕೊಂಡೆಯಾ ಅಣ್ಣ?

ಅಪ್ಪನಿಗೆ ಹೇಳಿದೆ. "ನನ್ನ ಸಮಾಧಾನಕ್ಕೆ ಅವನ ಮೇಲೆ ತಪ್ಪು ಹಾಕ್ಬೇಡ" ಎಂದು ಗದರಿದರು. ಈಗ ಕಾಫಿ ಲೋಟವನ್ನೂ ಎರಡು ಕೈಯಲ್ಲಿ ಹಿಡಿಯುತ್ತಾರೆ.

ಭಾನುವಾರ ಬಂದು, ಮುರಿದದ್ದು ನೀನೆಂದು ನಿನ್ನ ಬಾಯಲ್ಲೇ ಹೇಳು. ಹಾರ ತರುವುದು ಬೇಡ.

ನಿನ್ನ ತಮ್ಮ,
ಮುನಿರಾಜು