ಉಜ್ಜಿದ ಬೆಳ್ಳಿ

ಗುರುವಾರ, ನಾಣ್ಯದಂಗಡಿಯಿಂದ

ಅಕ್ಕಾ,

ನಿನ್ನ ಲಾಂಡ್ರಿಯ ವಿಳಾಸಕ್ಕೇ ಬರೆಯುತ್ತಿದ್ದೇನೆ. ಮನೆಯ ಫೋನು ಅಮ್ಮನ ತಲೆದೆಸೆಯಲ್ಲಿರುವಾಗ ನಾವಿಬ್ಬರು ಅದರಲ್ಲಿ ಮಾತಾಡುವುದಾದರೂ ಏನನ್ನು. ನಾಣ್ಯ ಶುಕ್ರವಾರ ತಲುಪಿತು. ಯಾರದೋ ಒಂಟಿ ಕಾಲುಚೀಲದಲ್ಲಿ ಸುತ್ತಿ ಕಳಿಸಿದ್ದೀಯ. ನಮ್ಮ ಯಜಮಾನರು ಅದನ್ನು ಎತ್ತಿ ಹಿಡಿದು, "ನಿಮ್ಮಕ್ಕ ಗಿರಾಕಿಗಳ ಜೋಡಿ ಮುರೀತಾರಲ್ರೀ" ಅಂದರು. ನಗು ಬಂತು. ಆಮೇಲೆ ಒಳಗಿದ್ದ ಚೀಟಿ ಓದಿದೆ.

ಇದು ಅಮ್ಮನ ನಾಣ್ಯವೇ ಹೌದು ಎಂದು ಅಂಗಡಿಯ ಕಾಗದದಲ್ಲಿ ಬರೆದು ಮೊಹರು ಹಾಕಿ ಕಳಿಸು ಎಂದು ಕೇಳಿದ್ದೀಯ. ಆಸ್ಪತ್ರೆಯಿಂದ ಬಂದಾಗಿನಿಂದ ಅವಳು ಅದನ್ನು ಮುಟ್ಟುತ್ತಿಲ್ಲ. ಮಗಳು ನನ್ನದನ್ನು ಮಾರಿಕೊಂಡು ಇನ್ಯಾವುದನ್ನೋ ತಂದಿಟ್ಟಿದ್ದಾಳೆ ಎಂದು ಹಾಲಿನವನಿಗೂ ಹೇಳುತ್ತಾಳೆ, ಸೂಜಿ ಚುಚ್ಚಲು ಬರುವ ನರ್ಸಿಗೂ ಹೇಳುತ್ತಾಳೆ. ಡಾಕ್ಟರು ಇನ್ನು ಹೆಚ್ಚು ದಿನವಿಲ್ಲ ಅಂದಿದ್ದಾರೆ. ಕಳ್ಳಿ ಅನ್ನಿಸಿಕೊಂಡೇ ಅವಳನ್ನು ಕಳಿಸಿಕೊಡಬೇಕಾ ಎಂದು ಚೀಟಿಯ ಕೊನೆಯಲ್ಲಿ ಬರೆದು ಹೊಡೆದುಹಾಕಿದ್ದೀಯ. ಹೊಡೆದುಹಾಕಿದ್ದನ್ನು ಓದುವುದು ನನಗೆ ಅಭ್ಯಾಸ.

ಅಂಚು ಹಿಡಿದು ದೀಪದ ಕೆಳಗೆ ಓರೆ ಮಾಡಿದೆ. ನಾಣ್ಯ ಸವೆಯುವುದು ಉಬ್ಬಿದ ಜಾಗದಿಂದ. ರಾಜನ ಕೆನ್ನೆ ಚಪ್ಪಟೆಯಾಗಿದೆ, ಕಿವಿಯ ಮೇಲಿನ ಕೂದಲು ಕಲಸಿಹೋಗಿ ಮುದ್ದೆಯಾಗಿದೆ. ಕಿರೀಟದ ಮಣಿಗಳು ಮಾತ್ರ ಬಿಡಿಬಿಡಿಯಾಗಿ ಉಳಿದಿವೆ, ಸುತ್ತಲಿನ ಅಕ್ಷರಗಳೂ ಓದಲು ಸಿಗುತ್ತವೆ. ಇಷ್ಟು ಕೈ ಬದಲಿಸಿದ ಬೆಳ್ಳಿಗೆ ಇದು ಒಳ್ಳೆಯ ದರ್ಜೆಯೇ. ಹಿಂಬದಿಯಲ್ಲಿ, ಸರಕ್ಕೆ ಪೋಣಿಸೋಣ ಎಂದು ಅಪ್ಪ ತೂತು ಕೊರೆಯಹೋಗಿ, ಅಮ್ಮ ಬೈದದ್ದಕ್ಕೆ ಬಿಟ್ಟ ಗುಳಿ ಹಾಗೇ ಇದೆ. ನಾಣ್ಯ ಅದೇ. ನೀನು ಆ ಗುಳಿ ತೋರಿಸಿದ್ದಕ್ಕೆ ಅವಳು, "ಗುಳಿ ಯಾರು ಬೇಕಾದ್ರೂ ಮಾಡ್ತಾರೆ ಬಿಡೇ" ಅಂದಳಂತೆ.

ಆದರೆ ಅಕ್ಕ, ಅದರ ಮೈ ಹೋಗಿದೆ. ಉಜ್ಜದ ಬೆಳ್ಳಿಯನ್ನು ಓರೆ ಮಾಡಿದರೆ ಬೆಳಕು ಅದರ ಮೇಲೆ ಸುತ್ತುತ್ತದೆ. ಇದರ ಮೇಲೆ ಬೆಳಕು ನಿಂತಲ್ಲೇ ನಿಂತಿದೆ. ಭೂತಗನ್ನಡಿಯಲ್ಲಿ ನೋಡಿದರೆ ಕೂದಲೆಳೆಯಂಥ ಗೀರುಗಳು, ಎಲ್ಲವೂ ಒಂದೇ ದಿಕ್ಕಿಗೆ, ನೀನು ಇಸ್ತ್ರಿ ಎಳೆಯುವ ದಿಕ್ಕಿಗೆ. ಅಕ್ಷರಗಳ ಸಂದಿಯಲ್ಲಿ ಹಲ್ಲುಪುಡಿ. ಅಮ್ಮ ಮನೆಗೆ ಬರುವಾಗ ಫಳಫಳ ಅನ್ನಲಿ ಎಂದು ಉಜ್ಜಿದ್ದೀಯ. ಕಲೆ ಕಂಡರೆ ನಿನ್ನ ಕೈ ಸುಮ್ಮನಿರದು. ದಿನವಿಡೀ ಅದೇ ಕೆಲಸ. ಆದರೆ ಅದು ಕಲೆಯಾಗಿರಲಿಲ್ಲ. ಅಷ್ಟು ವರ್ಷ ಗಾಳಿ, ಬೆವರು, ಅಮ್ಮನ ಬೆರಳು ಸೇರಿ ಬೆಳ್ಳಿಗೆ ಬೆಳೆದಿದ್ದ ಕಪ್ಪು ಚರ್ಮ. ಅದು ಹೋದ ನಾಣ್ಯಕ್ಕೆ ನಾವು ದರ್ಜೆಯನ್ನೇ ಕೊಡುವುದಿಲ್ಲ, ಬೇರೆ ತಟ್ಟೆಗೆ ಹಾಕುತ್ತೇವೆ.

ಉಜ್ಜಿದೆ ಕಣಮ್ಮ ಎಂದು ನೀನು ಹೇಳಿದಾಗ ಅವಳು, "ಉಜ್ಜಿದ್ರೆ ರಾಜನ ಮೂತೀನೇ ಬದಲಾಗುತ್ತೇನೇ?" ಅಂದಳಂತಲ್ಲ. ಬದಲಾಗುತ್ತದೆ. ಕಣ್ಣಿನ ಕೆಳಗಿನ ನೆರಳು ಹೋದರೆ ಯಾರ ಮುಖವೂ ಬದಲಾಗುತ್ತದೆ.

ಮಗಳ ಮಾತು ನಂಬದವಳು ಮೊಹರು ನಂಬುವುದಿಲ್ಲ. ಅದಕ್ಕೆ ಕಾಗದ ಬರೆಯಲಿಲ್ಲ. ಆ ಕಪ್ಪು ಮರಳಿ ಬರಲಿ ಎಂದು ಮೊಟ್ಟೆ ಬೇಯಿಸಿ, ಅದರ ಹಳದಿಯ ಜೊತೆ ನಾಣ್ಯವನ್ನು ಡಬ್ಬಿಯಲ್ಲಿಟ್ಟು ಮುಚ್ಚಿದೆ. ಬೆಳ್ಳಿ ಮೊದಲು ಚಹಾದ ಬಣ್ಣಕ್ಕೆ ಬಂತು, ಆಮೇಲೆ ನೀಲಿಗಪ್ಪಿಗೆ ತಿರುಗಿತು. ಯಜಮಾನರು ವಾಸನೆ ಹಿಡಿದು ಬಂದರು. "ಏನ್ರೀ ಇದು, ಬೇಲೀನೇ ಹೊಲ ಮೇಯೋಕೆ ಹೊರಟಿದೆ" ಅಂದರು. ಅಮ್ಮನದು ಅಂದೆ. ಅವರೇ ಕಿಟಕಿ ತೆರೆದಿಟ್ಟು ಹೋದರು.

ಇಂಥ ಸುಳ್ಳು ಕಪ್ಪನ್ನು ಹಿಡಿಯುವುದೇ ನನ್ನ ಅನ್ನ. ಅದು ಎಲ್ಲ ಕಡೆಯೂ ಒಂದೇ ಸಮ ಕೂರುತ್ತದೆ, ಬೆರಳು ಎಲ್ಲಿ ಆಡಿತ್ತು ಎಂಬುದು ಅದಕ್ಕೆ ಗೊತ್ತಿರುವುದಿಲ್ಲ. ಅದಕ್ಕೇ ಬಸ್ಸಿನಲ್ಲಿ ಹೋಗುವಾಗ ಬರುವಾಗ, ಜೇಬಿನೊಳಗೆ ಕೈಯಿಟ್ಟು, ಅಮ್ಮ ದಿನವೂ ಉಜ್ಜುತ್ತಿದ್ದ ಹಾಗೇ ರಾಜನ ಕೆನ್ನೆಯನ್ನು ಹೆಬ್ಬೆರಳಿನಿಂದ ಉಜ್ಜಿದೆ. ಎದುರು ಕೂತ ಹೆಂಗಸು ಎದ್ದು ಬೇರೆ ಸೀಟಿಗೆ ಹೋದಳು. ಈಗ ಕೆನ್ನೆ ಮಾತ್ರ ತುಸು ತಿಳಿಯಾಗಿದೆ. ನನ್ನಂಥವನ ಕಣ್ಣಿಗೆ ಒಂದು ಗಳಿಗೆ ನಿಲ್ಲದು. ಅಮ್ಮನ ಕಣ್ಣಿಗೆ ಸಾಕು.

ನೀನೇ ಕೊಡು. ಟ್ರಂಕಿನಲ್ಲಿ ಬಟ್ಟೆಯ ಕೆಳಗೆ ಸಿಕ್ಕಿತು, ಆ ಹೊಳೆಯುವುದು ಯಾರದೋ ಅನ್ನು. ನಾನು ಬರಲಾಗುವುದಿಲ್ಲ. ನಾಣ್ಯಗಳ ಹರಾಜು ಹತ್ತಿರ ಬಂದಿದೆ, ರಜೆಯ ಮಾತೆತ್ತುವ ಹಾಗಿಲ್ಲ. ಅದೂ ಅಲ್ಲದೆ ಇದು ನನ್ನ ಕೈಯಿಂದ ಬಂದರೆ, ಮಗಳು ಕದ್ದದ್ದನ್ನು ಮಗ ಹುಡುಕಿ ತಂದ ಎಂದಾಗುತ್ತದೆ. ನೀನು ಕಳ್ಳಿಯಾಗಿಯೇ ಉಳಿಯುತ್ತೀಯ. ನಾನು ಬಾರದಿರುವುದೇ ನಿನಗೆ ಒಳ್ಳೆಯದು.

ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ತಮ್ಮ,
ಗೂಬೆ

ಮರೆತ ಮಾತು: ಮರೆತದ್ದಲ್ಲ, ಮೊದಲ ಸಾಲಿನಲ್ಲೇ ಬರೆಯಬೇಕಾಗಿದ್ದದ್ದು. ಶನಿವಾರ ನೀನು ಕೆಲಸಕ್ಕೆ ಹೋದ ಮೇಲೆ ಅಮ್ಮ ಅಂಗಡಿಗೆ ಫೋನ್ ಮಾಡಿದ್ದಳು. ನಾಣ್ಯ ತನ್ನದೇ ಎಂದು ಅವಳಿಗೆ ಮೊದಲ ದಿನವೇ ಗೊತ್ತಂತೆ. "ಸುಳ್ಳು ನಾಣ್ಯ ಅಂದ್ರೆ ಪರೀಕ್ಷೆ ಮಾಡೋಕಾದ್ರೂ ನೀನು ಬರ್ತೀಯ ಅಂದ್ಕೊಂಡೆ. ಇವಳು ನೋಡಿದ್ರೆ ಪೋಸ್ಟಿಗೆ ಹಾಕಿಬಿಟ್ಟಳು" ಅಂದಳು. ಹಾಗಾದರೆ ಅಕ್ಕನನ್ನು ಯಾಕೆ ಕಳ್ಳಿ ಅಂದೆ ಎಂದು ಕೇಳಿದೆ. "ಅವಳಿಗೆ ಏನಂದ್ರೂ ಇಲ್ಲೇ ಇರ್ತಾಳಲ್ಲೋ. ನೀನು ಯಾವಾಗ ಬರ್ತೀಯ, ಅದನ್ನ ಹೇಳು" ಅಂದಳು. ನಾನು ಫೋನಿಟ್ಟು ಮೊಟ್ಟೆ ತರಲು ಹೋದೆ.