ಚಿತ್ರದ ಕೆಳಗಿನ ಸಾಲು

ಗಜೇಂದ್ರಗಡ
೨೧೮೭ನೆಯ ಇಸವಿ, ಫೆಬ್ರವರಿ ೩೦

ಕಾಗದದ ಕಾಲದ ಶಿಕ್ಷಕ ಬಂಧುಗಳಿಗೆ, ಶಕುಂತಲಾ ಬಡಿಗೇರ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ನಗಬೇಡಿ. ನಮ್ಮ ಕಾಲಕ್ಕೆ ಕ್ಯಾಲೆಂಡರನ್ನು ತಿದ್ದಿ ತಿಂಗಳುಗಳಿಗೆಲ್ಲ ಹೆಚ್ಚುಕಡಿಮೆ ಸಮನಾಗಿ ದಿನ ಹಂಚಿದ್ದಾರೆ. ಫೆಬ್ರವರಿಗೂ ನ್ಯಾಯ ಸಿಕ್ಕಿದೆ. ನನ್ನ ಮಾತು ಅಲ್ಲಲ್ಲಿ ವಿಚಿತ್ರವೆನಿಸಿದರೆ ಕ್ಷಮಿಸಿ. ನಾವು ಕೇಳುವುದು ಬಹಳ, ಬರೆಯುವುದು ಅಪರೂಪ. ಇಷ್ಟುದ್ದದ ಪತ್ರವನ್ನು ಕೈಯಾರೆ ಬರೆಯುತ್ತಿರುವುದು ನನಗೂ ಇದೇ ಮೊದಲು.

ಇಲ್ಲಿ ಮಗು ಶಾಲೆಗೆ ಸೇರುವ ವಯಸ್ಸಿಗೆ ಬಂದರೆ ಕಿವಿಗೊಂದು ಕಿವಿಮಣಿ ಹಾಕುತ್ತಾರೆ. ಜೋಳದ ಕಾಳಿನಷ್ಟು ಸಣ್ಣ ವಸ್ತು. ಏನು ಕೇಳಿದರೂ ಮೆತ್ತಗಿನ ದನಿಯಲ್ಲಿ ಉತ್ತರ ಹೇಳುತ್ತದೆ. ನಮ್ಮ ಮಕ್ಕಳಿಗೆ ಅಕ್ಷರ ಬರುತ್ತದೆ, ಆದರೆ ಅವರು ಓದುವುದು ಅಂಗಡಿಯ ಬೋರ್ಡನ್ನು ಮಾತ್ರ. ಬಿಸಿಲಿಗೆ ಹೆದರಿ ಶಾಲೆಯನ್ನು ನಸುಕಿಗೇ ಶುರುಮಾಡುತ್ತೇವೆ, ಬಿಸಿಲೇರುವ ಮೊದಲೇ ಮುಚ್ಚಿ ಸಂಜೆ ಮತ್ತೆ ತೆರೆಯುತ್ತೇವೆ. ನಡುವಿನದು ನೆರಳುಹೊತ್ತು. ಆಗ ಊರಿಗೆ ಊರೇ ಮಲಗಿರುತ್ತದೆ. ಗುಡ್ಡದ ಮೇಲಿನ ಗಾಳಿಯಂತ್ರಗಳಷ್ಟೇ ತಿರುಗುತ್ತಿರುತ್ತವೆ.

ಆ ಗಾಳಿಯಂತ್ರಗಳನ್ನು ಹತ್ತಿ ರಿಪೇರಿ ಮಾಡುವವಳು ಮಲ್ಲವ್ವ. ಅವಳ ಮಗಳು ದಾನಮ್ಮ ನನ್ನ ತರಗತಿಯಲ್ಲಿದ್ದಳು. ಹುಟ್ಟಿದಾಗಿನಿಂದ ಅವಳಿಗೆ ಕಿವಿ ಕೇಳಿಸದು. ನಮ್ಮಲ್ಲಿ ಅದಕ್ಕೆ ಚಿಕಿತ್ಸೆ ಇದೆ, ಅವಳಿಗೆ ಮಾತ್ರ ಅದು ಒಗ್ಗಲಿಲ್ಲ. ಮಣಿಯೊಳಗಿನ ಪಾಠ ಕೇಳುತ್ತ ಮಕ್ಕಳೆಲ್ಲ ಒಟ್ಟಿಗೆ ನಕ್ಕಾಗ ಅವಳು ಅವರ ಮುಖ ನೋಡಿ, ಸ್ವಲ್ಪ ತಡವಾಗಿ ತಾನೂ ನಗುತ್ತಿದ್ದಳು. ಅದನ್ನು ನೋಡುವುದು ನನಗೆ ಕಷ್ಟವಾಗುತ್ತಿತ್ತು.

ನಮ್ಮ ಹೆಡ್ ಮಾಸ್ತರರಾದ ಅಂದಾನಪ್ಪನವರು ಅವಳನ್ನು ಹುಬ್ಬಳ್ಳಿಯ ಹಾಸ್ಟೆಲ್ ಶಾಲೆಗೆ ಕಳಿಸಲು ತೀರ್ಮಾನಿಸಿದರು. ಅವರ ಮನಸ್ಸಿನಲ್ಲಿ ಇದ್ದುದು ಅವಳ ಒಳ್ಳೆಯದೇ. ಮಲ್ಲವ್ವ ಕೆಲಸದ ಬಟ್ಟೆಯಲ್ಲೇ ನನ್ನ ಹತ್ತಿರ ಓಡಿಬಂದಳು.

"ಅಕ್ಕೋರ, ಆಕಿ ನನ್ನ ಬಿಟ್ಟು ಇರಾಕಿ ಅಲ್ರಿ. ನಾನೂ ಇರಾಕಿ ಅಲ್ಲ. ಆದ್ರ ಇಲ್ಲಿ ಸುಮ್ನ ಕುಂತು ಆಕಿ ಏನ್ ಕಲೀತಾಳ್ರಿ?"



ಅದೇ ವಾರ ಪೇಟೆಯ ಹಳೆಯ ವಾಚನಾಲಯವನ್ನು ಕೆಡವುತ್ತಿದ್ದರು. ಅಲ್ಲಿ ಸಿಕ್ಕಿದ್ದು ಒಂದು ಚೀಲ ತುಂಬ ನಿಮ್ಮ ಕಾಲದ ಮಾಸಪತ್ರಿಕೆಗಳು, ಮಕ್ಕಳಿಗೆ ವಿಜ್ಞಾನ ಹೇಳುವಂಥವು. ಮುಖಪುಟ ಹರಿದು ಪತ್ರಿಕೆಯ ಹೆಸರೇ ಹೋಗಿತ್ತು. ನಾನು ಅವನ್ನು ತರಗತಿಗೆ ತಂದೆ. ಕಿವಿಮಣಿ ತೆಗೆದಿಡಲು ಹೇಳಿ, ಇಬ್ಬರಿಬ್ಬರಿಗೆ ಒಂದೊಂದು ಸಂಚಿಕೆ ಕೊಟ್ಟೆ. ಮೊದಲು ಚಿತ್ರ ನೋಡಿರಿ, ಅದರ ಕೆಳಗಿನ ಸಾಲು ಓದಿರಿ, ಆಮೇಲೆ ನಡುನಡುವಿನ ಸಣ್ಣ ತಲೆಬರಹ. ಬರೆದವರು ಏನು ಹೇಳಹೊರಟಿದ್ದಾರೆಂದು ಊಹಿಸಿ, ಆಮೇಲೆ ಲೇಖನಕ್ಕೆ ಇಳಿಯಿರಿ ಎಂದೆ. ಮಕ್ಕಳು ಅಕ್ಷರ ಅಕ್ಷರ ಕೂಡಿಸಿ ಏದುಸಿರು ಬಿಡುತ್ತಿದ್ದರು. ಮನೆಯಲ್ಲಿ ತಾಯಿಯೊಡನೆ ಕೈಸನ್ನೆಯಲ್ಲಿ ಮಾತಾಡಿ, ಬರೆದು ಓದಿ ಬೆಳೆದ ದಾನಮ್ಮ ಅಷ್ಟರಲ್ಲಿ ಪುಟ ತಿರುವಿಯಾಗಿತ್ತು.

ಎರಡನೆಯ ದಿನ ಅವಳ ಜೊತೆ ಕುಳಿತಿದ್ದ ರೆಹಾನಾ ಕೈ ಎತ್ತಿದಳು.

"ಅಕ್ಕೋರ, ದಾನಮ್ಮ ತಪ್ಪು ಐತಿ ಅಂತ ತೋರಸಾಕತ್ತಾಳ್ರಿ."

"ಯಾರದು ತಪ್ಪು?"

"ಪತ್ರಿಕಿದ್ದು!"

ತರಗತಿ ಗೊಳ್ಳೆಂದು ನಕ್ಕಿತು. ದಾನಮ್ಮ ನಗಲಿಲ್ಲ. ಹಕ್ಕಿಗೂಡುಗಳ ಲೇಖನ ಅದು. ಚಿತ್ರದ ಕೆಳಗಿನ 'ಗೀಜಗನ ಗೂಡು' ಎಂಬ ಸಾಲಿನ ಮೇಲೆ ಒಂದು ಬೆರಳಿಟ್ಟಳು. ಇನ್ನೊಂದು ಬೆರಳನ್ನು ಲೇಖನದ ನಡುವೆ ಇಟ್ಟಳು: ಗೀಜಗ ಹುಲ್ಲಿನ ಎಳೆಯಿಂದ ನೇಯುತ್ತದೆ, ಬಾಗಿಲು ಕೆಳಗಿನಿಂದ, ಉದ್ದ ಕೊಳವೆಯ ಹಾಗೆ. ಚಿತ್ರದಲ್ಲಿದ್ದ ಗೂಡಾದರೋ ಜೇಡರ ಬಲೆಯಿಂದ ಅಂಟಿಸಿದ್ದು, ಬಾಗಿಲು ಪಕ್ಕದಲ್ಲಿ. ಅದು ಅದೇ ಲೇಖನದ ಇನ್ನೊಂದು ಹಕ್ಕಿಯದು, ಸೂರಕ್ಕಿಯದು. ನಾನೂ ಗಮನಿಸಿರಲಿಲ್ಲ.

ಮಕ್ಕಳು ಕಿವಿಮಣಿಗೆ ಕೈಹಾಕಿದರು. ಬೇಡ, ತಪ್ಪಾಗಿದ್ದರೆ ಮುಂದಿನ ಸಂಚಿಕೆಯಲ್ಲಿ ತಿದ್ದಿರಬಹುದು, ಓದಿಯೇ ಹುಡುಕಿರಿ ಎಂದೆ. ಚೀಲ ಸುರುವಿ, ಪುಟದಡಿಯ ತಿಂಗಳ ಹೆಸರು ನೋಡಿ, ಮುಂದಿನ ತಿಂಗಳ ಸಂಚಿಕೆ ಹುಡುಕಿದರು. ಕೊನೆಯ ಪುಟದ ಮೂಲೆಯಲ್ಲಿ, ಸಣ್ಣ ಅಕ್ಷರದಲ್ಲಿ, ಅದು ಇತ್ತು. ರೆಹಾನಾ ತಡವರಿಸುತ್ತ ಓದಿದಳು: "ಕಳೆದ ಸಂಚಿಕೆಯಲ್ಲಿ ಎರಡು ಗೂಡುಗಳ ಚಿತ್ರದ ಕೆಳಗಿನ ಸಾಲುಗಳು ಅದಲುಬದಲಾಗಿವೆ. ತಿಳಿಸಿದ ಓದುಗರಿಗೆ ವಂದನೆಗಳು. ತಪ್ಪಿಗೆ ವಿಷಾದಿಸುತ್ತೇವೆ."

ಮಕ್ಕಳು ಆ ಸಾಲನ್ನು ಒಬ್ಬರಾದ ಮೇಲೊಬ್ಬರು ಬಗ್ಗಿ ನೋಡಿದರು. ಕಿವಿಮಣಿ ನಿನ್ನೆ ಒಂದು ಹೇಳಿ ಇವತ್ತು ಇನ್ನೊಂದು ಹೇಳುತ್ತದೆ. ನಿನ್ನೆಯದು ತಪ್ಪಾಗಿತ್ತು ಎಂದು ಅದು ಒಮ್ಮೆಯೂ ಒಪ್ಪಿಕೊಂಡದ್ದನ್ನು ಈ ಮಕ್ಕಳು ಕೇಳಿಲ್ಲ. ಆಮೇಲೆ ರೆಹಾನಾ ದಾನಮ್ಮನ ಕಡೆ ತಿರುಗಿ, ಚಿತ್ರದ ಗೂಡನ್ನು ತೋರಿಸಿ, ಇದಕ್ಕೆ ನಿನ್ನ ಕೈಮಾತಿನಲ್ಲಿ ಏನನ್ನುತ್ತೀ ಎಂಬಂತೆ ಹುಬ್ಬೇರಿಸಿದಳು. ದಾನಮ್ಮ ಎರಡೂ ಅಂಗೈಗಳನ್ನು ಬೊಗಸೆಯಂತೆ ಕೂಡಿಸಿದಳು. ತರಗತಿಯ ಮಕ್ಕಳೆಲ್ಲ ಒಬ್ಬೊಬ್ಬರಾಗಿ ಬೊಗಸೆ ಹಿಡಿದರು.

ಅಲ್ಲಿಂದ ಮಕ್ಕಳು ದಿನಕ್ಕಿಷ್ಟು ಕೈಮಾತು ಕಲಿತರು. ಒಂದು ಮುಂಜಾನೆ ಅಂದಾನಪ್ಪನವರು ಬಾಗಿಲಲ್ಲಿ ನಿಂತರು. ಒಳಗೆ ಸದ್ದೇ ಇರಲಿಲ್ಲ.

"ಏನ್ರಿ ಬಡಿಗೇರ ಅಕ್ಕೋರ, ಪಾಠ ನಿಲ್ಲಿಸೀರೇನು?"

"ನಡದೈತ್ರಿ ಸರ್," ಎಂದೆ.

ಅವರು ಹಿಂದಿನ ಬೆಂಚಿನಲ್ಲಿ ಕುಳಿತರು. ದಾನಮ್ಮ ಒಂದು ಸಂಚಿಕೆಯನ್ನು ಅವರ ಮುಂದೆ ಸರಿಸಿ ಕೈಯಲ್ಲಿ ಏನೋ ಕೇಳಿದಳು. ಅವರು ಗಾಬರಿಯಿಂದ ನನ್ನನ್ನು ನೋಡಿದರು.

ರೆಹಾನಾ ಹೇಳಿದಳು: "ಸರ್, ಇದನ್ನ ಬರದವರಿಗೆ ಇದು ಹೆಂಗ ಗೊತ್ತಾತು ಅಂತ ಕೇಳಾಕತ್ತಾಳ್ರಿ."

ಅಂದಾನಪ್ಪನವರು ಕಿವಿಮಣಿ ತೆಗೆದು ಕಿಸೆಗೆ ಹಾಕಿಕೊಂಡು ಪುಟದ ಮೇಲೆ ಬಗ್ಗಿದರು. ಬಹಳ ಹೊತ್ತು ಓದಿದರು. ಕೊನೆಗೆ ಒಂದು ಸಾಲಿನ ಮೇಲೆ ಬೆರಳಿಟ್ಟು, "ತಾವೇ ಹೋಗಿ, ಕುಂತು ನೋಡ್ಯಾರ," ಎಂದರು. ರೆಹಾನಾ ಅದನ್ನು ಕೈಯಲ್ಲಿ ಹೇಳಿದಳು. ದಾನಮ್ಮ ಸರಿ ಎಂದು ತಲೆಯಾಡಿಸಿದಳು, ವಿದ್ಯಾರ್ಥಿಗೆ ಟೀಚರು ತಲೆಯಾಡಿಸಿದ ಹಾಗೆ.

ಸಂಜೆ ಅವರು ಮಲ್ಲವ್ವನನ್ನು ಕರೆಸಿದರು. "ಹುಡುಗಿ ಇಲ್ಲೇ ಇರ್ಲಿ ಬೇ. ಕೈಮಾತು ಕಲಸೋ ಮಾಸ್ತರನ್ನ ಹುಬ್ಬಳ್ಳಿಯಿಂದ ನಾವೇ ಕರಸೋಣು. ನಾನೂ ಕಲೀಬೇಕಾಗೇತಿ."

ಮಲ್ಲವ್ವ ಅದನ್ನು ಮಗಳಿಗೆ ತಿಳಿಸಲು ಹೋದಳು. ಕೈಮಾತು ಅರ್ಧಕ್ಕೆ ಬರುವಷ್ಟರಲ್ಲೇ ದಾನಮ್ಮ ಆ ಎರಡೂ ಕೈಗಳನ್ನು ಹಿಡಿದುಕೊಂಡಳು.

ಈಗ ಆ ತರಗತಿ ತನ್ನದೇ ಮಾಸಪತ್ರಿಕೆ ತರುತ್ತಿದೆ, ಕೈಬರಹದ್ದು. ದಾನಮ್ಮನ ಮೊದಲ ಲೇಖನ, ಗಾಳಿಯಂತ್ರದ ರೆಕ್ಕೆಯ ಬಿರುಕನ್ನು ಹೇಗೆ ಮುಚ್ಚುತ್ತಾರೆ ಎಂಬುದರ ಬಗ್ಗೆ. ಅಷ್ಟು ಎತ್ತರದಲ್ಲಿ ಅಮ್ಮನಿಗೆ ಹೆದರಿಕೆಯಾಗುತ್ತದೆಯೇ ಎಂದೂ ಕೇಳಿ ಬರೆದಿದ್ದಾಳೆ. ಆಗುತ್ತದಂತೆ.

ನಿಮ್ಮಲ್ಲಿ ನನ್ನದೊಂದು ಕೋರಿಕೆ. ಓದಿಯಾದ ಪತ್ರಿಕೆಯನ್ನು ರದ್ದಿಗೆ ಹಾಕುವ ಮುನ್ನ ತರಗತಿಗೆ ಒಯ್ಯಿರಿ. ಒಂದು ಮಗುವಿನ ಮುಂದೆ ಅದನ್ನು ಬಿಡಿಸಿಡಿ. ಒಳಗೆ ಏನಿದೆ ಎಂದು ಹೇಳಬೇಡಿ; ನಿನಗೇನು ಕಾಣುತ್ತದೆ ಎಂದು ಕೇಳಿರಿ. ಕೇಳಿದ ಮೇಲೆ, ದಯವಿಟ್ಟು, ಆ ಮಗು ಬಾಯಿಯಿಂದಲೋ ಬೆರಳಿನಿಂದಲೋ ಏನಾದರೊಂದು ಹೇಳುವವರೆಗೆ ಸುಮ್ಮನೆ ಪಕ್ಕದಲ್ಲಿ ಕುಳಿತಿರಿ.

ನಿಮ್ಮ ಕೆಲಸವನ್ನೇ ಮಾಡುತ್ತಿರುವ,
ಶಕುಂತಲಾ ಬಡಿಗೇರ